ಕಲಬುರಗಿಯಾಗ ಕಥಿ ತಿದ್ದೋ ಬಳಗ: ಎಲ್ಲಿ ಹುಡುಕೋದು, ಹೆಂಗ ಕಟ್ಟೋದು?

ತೊಗರಿಹೊಲ:
ಕಥಿ ಬರದು ಒಬ್ಬರದೊಬ್ಬರು ಓದಿ, ತಪ್ಪು ಹೇಳೋ ಮಂದಿ ಬೇಕಾಗ್ಯಾರ್ರಿ. ಕವಿಗೋಷ್ಠಿ ಬೇಕಾದಷ್ಟು ಅವ, ಆದ್ರ ಅಲ್ಲಿ ಓದಿದ ಮ್ಯಾಲ ಚಪ್ಪಾಳಿ ಅಷ್ಟ. ಎಲ್ಲಿ ಕೇಳ್ಬೇಕು? ನಾವ ಸುರು ಮಾಡಿದ್ರ ಎಷ್ಟು ಮಂದಿ ಇರಬೇಕು?

ಹಳೇಪೇಟಿ:
ಕನ್ನಡ ಸಾಹಿತ್ಯ ಪರಿಷತ್ತಿನ ಕಾರ್ಯಕ್ರಮಕ್ಕ ಹೋಗ್ರಿ, ಆದ್ರ ವೇದಿಕಿ ಮ್ಯಾಲಿನವರನ್ನ ಕೇಳಬ್ಯಾಡ್ರಿ. ಹಿಂದಿನ ಸಾಲಿನಾಗ ನೋಟ್‌ಬುಕ್ ಹಿಡಕೊಂಡು ಕುಂತೋರನ್ನ ಮಾತಾಡಸ್ರಿ. ಗುಲಬರ್ಗಾ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಎರಡೂ ಕಡೆ ಕನ್ನಡ ವಿಭಾಗದಾಗ ಬರೆಯೋ ಹುಡುಗರು ಸಿಗ್ತಾರ. ಕಡಗಂಚಿಯವರು ಆಳಂದ ರಸ್ತೆಯಿಂದ ಬಸ್ ಹಿಡಿದು ಬರಬೇಕು, ಹಂಗಾಗಿ ಭಾನುವಾರನ ಇಡ್ರಿ.

ಬರಿಹಾಳಿ:
ಆರು ಮಂದಿ ಸಾಕು. ಇಬ್ಬರು ತಪ್ಪಿಸಿದ್ರೂ ಕೂಟ ನಡೀತದ. ಹತ್ತು ದಾಟಿದ್ರ ಅಧ್ಯಕ್ಷರು ಬೇಕಂತಾರ, ಆಮ್ಯಾಲ ಶಾಲು-ಹಾರ, ಅಲ್ಲಿಗೆ ಮುಗೀತು. ಎರಡು ತಾಸಿಗೆ ಮೂರ ಬರಹ. ಒಂದೊಂದು 800 ಪದ ಮೀರಬಾರದು. ಜೋರಾಗಿ ಓದ್ಲಿಕ್ಕ ಹತ್ತು ನಿಮಿಷ, ಚರ್ಚೆಗೆ ಇಪ್ಪತ್ತೈದು, ಬರದವರ ಮಾತಿಗೆ ಕೊನೀಗೆ ಐದು. ಅಲ್ಲೀತನ ಬರದವರು ಬಾಯಿ ತೆರೀಬಾರದು. ತೆರದ್ರ ಎಲ್ಲಾರೂ ಹಾಳ್ಯಾಗ ಇಲ್ಲದ ಕಥಿ ಬಗ್ಗೆನ ಚರ್ಚಾ ಮಾಡ್ತಾರ.

"ಚೊಲೊ ಅದ" ಅನ್ನೋದು ಅಭಿಪ್ರಾಯ ಅಲ್ಲ. "ಮೂರನೇ ಪ್ಯಾರಾದಾಗ ಅವ್ವ ಬಾಗಲಾ ಹಾಕ್ಯಾಳ, ಐದನೇದ್ರಾಗ ಅದ ಬಾಗಲದಿಂದ ಕೋಳಿ ಒಳಗ ಬಂತು" ಅನ್ನೋದು ಅಭಿಪ್ರಾಯ.

ಬೀದರ್ ಓದುಗ:
ಭಾಷೆಯ ವಿಷಯ ಮೊದಲೇ ಮಾತಾಡಿಕೊಳ್ಳಿ. ನಮ್ಮ ಕಡೆಯ ಮಾತನ್ನು ಬೆಂಗಳೂರಿನ ಕನ್ನಡಕ್ಕೆ ತಿದ್ದುವುದು ಬೇಡ. ಆದರೆ ಒಂದೇ ಪಾತ್ರ ಒಮ್ಮೆ "ಹೋಗ್ಯಾನ", ಮತ್ತೊಮ್ಮೆ "ಹೋಗಿದ್ದಾನೆ" ಅಂದರೆ ಗೆರೆ ಎಳೆಯಿರಿ. ಉರ್ದು, ಮರಾಠಿ ಪದಕ್ಕೂ ಅಷ್ಟೇ: ಪಾತ್ರದ ಬಾಯಿಗೆ ಒಗ್ಗುತ್ತದೆಯೇ ನೋಡಿ, ಶುದ್ಧ ಕನ್ನಡವೇ ಅಂತಲ್ಲ.

ಫೈಲು ಯುನಿಕೋಡ್‌ನಲ್ಲೇ ಇರಲಿ. 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಮೊಬೈಲಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ. ಮೂರು ದಿನ ಮೊದಲೇ ಕಳಿಸಿ. ಕೂಟಕ್ಕೆ ಝೆರಾಕ್ಸ್ ತನ್ನಿ, ಸಾಲುಗಳ ನಡುವೆ ಜಾಗ ಬಿಟ್ಟು, ಪುಟಸಂಖ್ಯೆ ಹಾಕಿ. ಕಥೆಯನ್ನು ಫೇಸ್‌ಬುಕ್ಕಿಗೆ ಹಾಕಬೇಡಿ, ಅಪ್ರಕಟಿತ ಬರಹವನ್ನೇ ಕೇಳುವ ಪತ್ರಿಕೆಗಳಿಗೆ ಆಮೇಲೆ ಕಳಿಸಲಾಗದು.

ತೊಗರಿಹೊಲ:
ಬ್ಯಾಸಗಿಯಾಗ ಏನ್ ಮಾಡೋದ್ರಿ?

ಬರಿಹಾಳಿ:
ಏಪ್ರಿಲ್-ಮೇದಾಗ 40 ಡಿಗ್ರಿ ದಾಟ್ತದ, ಮುಂಜಾನಿ ಏಳಕ್ಕ ಕೂಡ್ರಿ. ಮಿರ್ಚಿ ಭಜಿ ಕಡೀಕ ತರಸ್ರಿ. ಮೊದಲ ಬಂದ್ರ ಅರ್ಧ ತಾಸು ಹೋಯ್ತು, ಹಾಳಿಗೆ ಎಣ್ಣಿ ಬ್ಯಾರೆ. ವಾಟ್ಸಾಪ್ ಗುಂಪಿನಾಗ ಅಡ್ಮಿನ್ ಮಾತ್ರ ಮೆಸೇಜ್ ಹಾಕೋಹಂಗ ಮಾಡ್ರಿ, ಇಲ್ಲಂದ್ರ ಶುಭೋದಯದ ಚಿತ್ರದಾಗ ತಾರೀಖು ಮುಚ್ಚಿ ಹೋಗ್ತದ.