ಇಸಿಜಿ ನಾರ್ಮಲ್ ಅಂತ ಮನೆಗೆ ಕಳಿಸಿದರು, ಬೆಳಗಾಗುವುದರೊಳಗೆ ಅಪ್ಪ ಹೋದರು. ಈಗ ಕೇಸ್ ಹಾಕಬಹುದಾ?

ಕೇಳಿದವರು: ಮುನೀಮರ ಮಗಳು, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮಪ್ಪ ಗಂಜ್‌ನಲ್ಲಿ ಒಂದು ಅಡತ್ ಅಂಗಡಿಯಲ್ಲಿ ಮುನೀಮರಾಗಿದ್ದರು. ವಯಸ್ಸು 52. ಒಂಬತ್ತು ವರ್ಷದಿಂದ ಶುಗರ್ ಇತ್ತು. ಅದು ಜನವರಿ, ತೊಗರಿ ಬರುವ ಹೊತ್ತು. ದಿನಾ ರಾತ್ರಿ ಒಂಬತ್ತಾದರೂ ಅವರ ಲೆಕ್ಕ ಮುಗಿಯುತ್ತಿರಲಿಲ್ಲ. ಅವತ್ತು ಏಳೂವರೆಗೇ ಮನೆಗೆ ಬಂದರು. ಚಹಾ ಬೇಡ ಅಂದರು. "ಎದಿ ಮ್ಯಾಲ ಯಾರೋ ತೊಗರಿ ಚೀಲ ಇಟ್ಟಂಗ ಆಗ್ಯದ" ಅಂತ ಗೋಡೆಗೆ ಒರಗಿ ಕೂತರು. ನಾವೆಲ್ಲ ಚಳಿಗೆ ಹೊದ್ದುಕೊಂಡು ಕೂತಿದ್ದೆವು, ಅವರ ಅಂಗಿ ಬೆವರಿಗೆ ತೊಯ್ದಿತ್ತು.

ಹತ್ತಿರದ ಖಾಸಗಿ ದವಾಖಾನೆಗೆ ಕರೆದುಕೊಂಡು ಹೋದೆ. ಇಸಿಜಿ ತೆಗೆದರು. ಡಾಕ್ಟರು ನೋಡಿ "ನಾರ್ಮಲ್ ಅದ, ಗ್ಯಾಸ್ ಆಗ್ಯದ, ಮಧ್ಯಾಹ್ನ ಏನ್ ತಿಂದೀರಿ?" ಅಂತ ಕೇಳಿದರು. ಅಪ್ಪ ಮಿರ್ಚಿ ಭಜಿ ತಿಂದಿದ್ದೆ ಅಂದರು. ಅಲ್ಲಿಗೆ ಮಾತು ಮುಗಿಯಿತು. ಶುಗರ್ ಇದೆಯಾ ಅಂತ ಕೇಳಲಿಲ್ಲ. ನಾನೇ ಹೇಳಿದೆ, ತಲೆಯಾಡಿಸಿದರು ಅಷ್ಟೇ. ರಕ್ತ ತೆಗೆಯಲಿಲ್ಲ. ಗ್ಯಾಸಿಗೆ ಒಂದು ಇಂಜೆಕ್ಷನ್ ಕೊಟ್ಟು, ಐದು ದಿನದ ಗುಳಿಗೆ ಬರೆದು ಕಳಿಸಿದರು. ಒಳಗೆ ಹೋಗಿ ಹೊರಗೆ ಬರಲು ನಲವತ್ತು ನಿಮಿಷ. 850 ರೂಪಾಯಿ ಫೋನ್‌ಪೇ ಮಾಡಿದೆ.

ರಾತ್ರಿ ಮೂರೂವರೆಗೆ ವಾಂತಿ ಆಯಿತು, ಉಸಿರು ಸಿಗುತ್ತಿರಲಿಲ್ಲ. ಪಕ್ಕದ ಮನೆಯವರ ಆಟೋದಲ್ಲಿ ಜಯದೇವಕ್ಕೆ ಓಡಿದೆವು. ಅಲ್ಲಿ ಇಸಿಜಿಯಲ್ಲಿ ದೊಡ್ಡ ಹಾರ್ಟ್ ಅಟ್ಯಾಕ್ ಕಂಡಿತು. ಅವರು ತುಂಬಾ ಪ್ರಯತ್ನ ಮಾಡಿದರು. ಐದು ಗಂಟೆಗೆ ಅಪ್ಪ ಹೋದರು.

ಈಗ ಒಂದು ವರ್ಷ ಏಳು ತಿಂಗಳಾಯಿತು. ಅವ್ವ "ಹೋದ ಜೀವ ತಿರುಗಿ ಬರ್ತದೇನು, ಬಿಡು" ಅಂತಾಳೆ. ನನಗೆ ಬಿಡಲು ಆಗುತ್ತಿಲ್ಲ. ದುಡ್ಡಿಗಾಗಿ ಅಲ್ಲ. ಆ ರಾತ್ರಿ ಇನ್ನೂ ಎರಡು ತಾಸು ಅಲ್ಲೇ ಇಟ್ಟುಕೊಂಡಿದ್ದರೆ ಅಪ್ಪ ಉಳಿಯುತ್ತಿದ್ದರಾ? ಅದು ಡಾಕ್ಟರ ತಪ್ಪಾ, ನಮ್ಮ ಹಣೆಬರಹವಾ? ಕೇಸ್ ಹಾಕಲು ಇನ್ನೂ ಟೈಮ್ ಇದೆಯಾ?

ಉತ್ತರ 1: ಐಸಿಯು ಸಿಸ್ಟರ್, ಬೀದರ್

ತಂಗಿ, ಓದಿ ಎದೆ ಭಾರ ಆಯಿತು. ಹನ್ನೊಂದು ವರ್ಷ ಐಸಿಯು ಡ್ಯೂಟಿ ಮಾಡಿದವಳು ನಾನು. ಗೊತ್ತಿರುವುದನ್ನು ನೇರವಾಗಿ ಹೇಳುತ್ತೇನೆ.

ಮೊದಲ ಇಸಿಜಿ ನಾರ್ಮಲ್ ಬಂದದ್ದು ಡಾಕ್ಟರ ತಪ್ಪಲ್ಲ. ಅಟ್ಯಾಕ್ ಶುರುವಾದ ಹೊತ್ತಿನಲ್ಲಿ ಇಸಿಜಿ ಎಷ್ಟೋ ಸಲ ನಾರ್ಮಲ್ ಇರುತ್ತದೆ. ತಪ್ಪು ಅಂತ ನನಗೆ ಕಾಣುವುದು ಅದರ ಮುಂದಿನದು. ನೋವು ಇನ್ನೂ ಇದ್ದರೆ 15 ರಿಂದ 30 ನಿಮಿಷಕ್ಕೊಮ್ಮೆ ಇಸಿಜಿ ಮತ್ತೆ ತೆಗೆಯಬೇಕು. ಟ್ರೊಪೊನಿನ್ ಅಂತ ರಕ್ತ ಪರೀಕ್ಷೆ ಇದೆ. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದರೆ ಅದು ರಕ್ತದಲ್ಲಿ ಏರುತ್ತದೆ, ಆದರೆ ಏರಲು ಕೆಲವು ತಾಸು ಬೇಕು. ಅದಕ್ಕೇ ಒಂದು ಸಲ ಮಾಡಿ ಬಿಡುವಂತಿಲ್ಲ, ಪೇಷಂಟನ್ನು ಇಟ್ಟುಕೊಂಡು ಎರಡನೇ ಸಲ ನೋಡಬೇಕು. ಅಲ್ಲಿ ಆ ಸೌಲಭ್ಯ ಇಲ್ಲದಿದ್ದರೆ "ಈಗಲೇ ದೊಡ್ಡ ದವಾಖಾನೆಗೆ ಹೋಗಿ" ಅಂತ ಚೀಟಿ ಬರೆದು ಕಳಿಸಬಹುದಿತ್ತು. ಅದಕ್ಕೆ ಯಾವ ಮಶೀನೂ ಬೇಡ.

50 ದಾಟಿದ ಗಂಡಸು, ಶುಗರ್, ಎದೆ ಮೇಲೆ ಭಾರ, ಮೈಯೆಲ್ಲ ಬೆವರು. ಇಷ್ಟು ಸಾಕು ಅನುಮಾನ ಪಡಲು. ಶುಗರ್ ಇದ್ದವರಲ್ಲಿ ಎಷ್ಟೋ ಜನರಿಗೆ ನರಗಳು ಮಂದವಾಗಿರುತ್ತವೆ, ನೋವೇ ಸರಿಯಾಗಿ ಗೊತ್ತಾಗುವುದಿಲ್ಲ. ನಿಮ್ಮ ಅಪ್ಪ ಪಾಪ ಸರಿಯಾಗಿಯೇ ಹೇಳಿದ್ದರು, ಚೀಲ ಇಟ್ಟಂಗ ಅಂತ. ಅಟ್ಯಾಕ್ ಆದ ಪೇಷಂಟ್‌ಗಳು ನನಗೂ ಹೀಗೆಯೇ ಹೇಳಿದ್ದಾರೆ. ಎದೆ ಮೇಲೆ ಕಲ್ಲು ಇಟ್ಟಂಗ, ಯಾರೋ ಕೂತಂಗ. ಚುಚ್ಚುತ್ತದೆ ಅನ್ನುವವರು ಕಡಿಮೆ.

ಉಳಿಯುತ್ತಿದ್ದರಾ ಅಂತ ಕೇಳಿದ್ದೀರಿ. ಖಂಡಿತ ಉಳಿಯುತ್ತಿದ್ದರು ಅಂತ ಯಾರೂ ಹೇಳಲಾರರು. ಬೇಗ ರಕ್ತನಾಳ ತೆರೆದಷ್ಟೂ ಉಳಿಯುವ ಸಾಧ್ಯತೆ ಜಾಸ್ತಿ, ಇಷ್ಟು ಮಾತ್ರ ನಿಜ. ಇನ್ನೊಂದು ಮಾತು. ನೀವು ಅವರನ್ನು ಅದೇ ತಾಸಿನಲ್ಲಿ ಡಾಕ್ಟರ ಮುಂದೆ ಕೂರಿಸಿದ್ದಿರಿ. ನಿಮ್ಮ ಕಡೆಯಿಂದ ತಡ ಆಗಿಲ್ಲ.

ಇಸಿಜಿ ಕಾಗದ ನಿಮ್ಮ ಹತ್ತಿರ ಇದೆಯಾ? ಅದು ಥರ್ಮಲ್ ಕಾಗದ, ದಿನ ಕಳೆದಂತೆ ಅಳಿಸಿಹೋಗುತ್ತದೆ. ಇವತ್ತೇ ಫೋಟೋ ತೆಗೆದು ಝೆರಾಕ್ಸ್ ಮಾಡಿಸಿ. ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ, ಬಿಸಿಗೆ ಪೂರ್ತಿ ಕಪ್ಪಾಗುತ್ತದೆ.

ಉತ್ತರ 2: ವಕೀಲ, ಕಲಬುರಗಿ

ತಂಗೆಮ್ಮಾ, ಟೈಮ್ ಇದೆ, ಆದರೆ ಜಾಸ್ತಿ ಇಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಎರಡು ವರ್ಷದೊಳಗೆ ಗ್ರಾಹಕ ಆಯೋಗಕ್ಕೆ ದೂರು ಕೊಡಬೇಕು. ನಿಮಗೆ ಐದು ತಿಂಗಳು ಉಳಿದಿದೆ. ಆಮೇಲೂ ತಡಕ್ಕೆ ಕಾರಣ ಕೊಟ್ಟು ಕೇಳಬಹುದು, ಒಪ್ಪುವುದು ಬಿಡುವುದು ಆಯೋಗದ ಕೈಯಲ್ಲಿರುತ್ತದೆ. ಅದನ್ನು ನಂಬಿ ಕೂರಬೇಡಿ.

ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ನಿಮ್ಮ ಫೋನ್‌ಪೇ ರಸೀದಿ ಅದಕ್ಕೇ ಬಹಳ ಮುಖ್ಯ. ದುಡ್ಡು ಕೊಟ್ಟದ್ದಕ್ಕೆ ಅದು ಸಾಕ್ಷಿ, ಹೊತ್ತಿಗೂ ಸಾಕ್ಷಿ. ಈಗಿನ ಕಾಯ್ದೆಯಲ್ಲಿ ನೀವು ಎಷ್ಟು ಪರಿಹಾರ ಕೇಳುತ್ತೀರಿ ಅನ್ನುವುದರ ಮೇಲೆ ಅಲ್ಲ, ಎಷ್ಟು ದುಡ್ಡು ಕೊಟ್ಟಿರಿ ಅನ್ನುವುದರ ಮೇಲೆ ಯಾವ ಆಯೋಗ ಅಂತ ತೀರ್ಮಾನ ಆಗುತ್ತದೆ. 850 ರೂಪಾಯಿ, ಹಾಗಾಗಿ ಇಲ್ಲೇ ಜಿಲ್ಲಾ ಆಯೋಗ. ದೂರಿಗೆ ಶುಲ್ಕವೂ ಇಲ್ಲ. ತಂದೆ ತೀರಿಕೊಂಡಿದ್ದರಿಂದ ನಿಮ್ಮ ತಾಯಿ, ನೀವು ವಾರಸುದಾರರಾಗಿ ಹಾಕಬಹುದು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಿ.

ಪೊಲೀಸ್ ಠಾಣೆಗೆ ಮೊದಲು ಹೋಗಬೇಡಿ ಅಂತ ನನ್ನ ಸಲಹೆ. ಕ್ರಿಮಿನಲ್ ಕೇಸಿಗೆ ತೀರಾ ದೊಡ್ಡ ನಿರ್ಲಕ್ಷ್ಯ ಇರಬೇಕು, ಬೇರೆ ಡಾಕ್ಟರ ಅಭಿಪ್ರಾಯ ಪಡೆಯದೆ ಪೊಲೀಸರು ಮುಂದುವರಿಯಬಾರದು ಅಂತ 2005ರ ತೀರ್ಪು ಇದೆ. ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ ದೂರು ಕೊಡಬಹುದು. ಅಲ್ಲಿ ಪರಿಹಾರ ಸಿಗುವುದಿಲ್ಲ, ಡಾಕ್ಟರ ನೋಂದಣಿ ಮೇಲೆ ಕ್ರಮ ಆಗಬಹುದು.

ಆಯೋಗದಲ್ಲಿ ಪ್ರಶ್ನೆ ಒಂದೇ. ಅದೇ ಜಾಗದಲ್ಲಿ ಸಾಧಾರಣ ತಿಳಿವಳಿಕೆಯ ಬೇರೆ ಡಾಕ್ಟರು ಇದ್ದಿದ್ದರೆ ಏನು ಮಾಡುತ್ತಿದ್ದರು? ರೋಗಿ ಸತ್ತರು ಅನ್ನುವುದಷ್ಟೇ ನಿರ್ಲಕ್ಷ್ಯ ಆಗುವುದಿಲ್ಲ. ಮೇಲೆ ಸಿಸ್ಟರ್ ಬರೆದದ್ದನ್ನೇ ಒಬ್ಬ ಹೃದ್ರೋಗ ತಜ್ಞರಿಂದ ಬರೆಸಿಕೊಳ್ಳಿ. ಎಲ್ಲ ಕೇಸಿಗೂ ತಜ್ಞರ ಅಭಿಪ್ರಾಯ ಕಡ್ಡಾಯ ಅಲ್ಲ ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರೂ ಇಂಥ ಕೇಸಿನಲ್ಲಿ ಅದಿಲ್ಲದೆ ಕಷ್ಟ. ಎರಡೂ ಕಡೆಯ ದಾಖಲೆ ಕೇಳಿ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ 2002ರ ನಿಯಮದಲ್ಲಿದೆ. ಮೂರು ವರ್ಷ ಇಡಬೇಕು ಅನ್ನುವ ನಿಯಮ ಒಳರೋಗಿಗಳ ದಾಖಲೆಗೆ. ನಿಮ್ಮ ತಂದೆ ಅಡ್ಮಿಟ್ ಆಗಿರಲಿಲ್ಲ, ನಮ್ಮ ಹತ್ತಿರ ಏನೂ ಇಲ್ಲ ಅಂತ ಆ ಡಾಕ್ಟರು ಹೇಳಬಹುದು. ನಿಮ್ಮ ಕೈಯಲ್ಲಿರುವ ಕಾಗದವೇ ಆಧಾರ.

ಉತ್ತರ 3: ಶಹಾಪುರದ ರೈತ, ಯಾದಗಿರಿ ಜಿಲ್ಲೆ

ಅಕ್ಕಾರೆ, ನನಗೆ 47. ನನಗೂ ಮೊದಲು ಗ್ಯಾಸ್ ಅಂದೇ ಸೋಡಾ ಕುಡಿಸಿದ್ದರು. ನನ್ನ ಹೆಂಡತಿ ಕೇಳದೆ ತಾಲೂಕು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅಲ್ಲಿ ಎರಡನೇ ಇಸಿಜಿಯಲ್ಲಿ ಗೊತ್ತಾಯಿತು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಫ್ರೀ ಕೊಟ್ಟು ಕಲಬುರಗಿಗೆ ಕಳಿಸಿದರು. ನಮ್ಮ ಕಡೆ ಗಂಡಸರು ಎದೆ ನೋವು ಅಂತ ಹೇಳುವುದೇ ಕಡಿಮೆ. ನಿಮ್ಮ ಅಪ್ಪ ಹೇಳಿದ್ದರು, ಕೇಳಬೇಕಾದವರು ಕೇಳಲಿಲ್ಲ. ದೂರು ಕೊಡಿ.

ಮುನೀಮರ ಮಗಳು, ಕಲಬುರಗಿ

ಅಕ್ಕಾರೆ, ವಕೀಲ ಅಣ್ಣಾರೆ, ಶಹಾಪುರದ ಅಣ್ಣಾರೆ, ಮೂವರಿಗೂ ಕೈ ಮುಗಿಯುತ್ತೇನೆ. ನಿನ್ನೆ ರಾತ್ರಿ ಅಪ್ಪನ ಟ್ರಂಕ್ ತೆಗೆದೆ. ಇಸಿಜಿ ಕಾಗದ ಅವರ ಖರ್ಚಿನ ಪುಸ್ತಕದ ನಡುವೆ ಮಡಿಸಿ ಇಟ್ಟಿತ್ತು. ಒಂದು ಅಂಚು ಮಾಸಿದೆ, ಟೈಮ್ ಓದಲು ಬರುತ್ತದೆ: 8.22. ಫೋನ್‌ಪೇ 8.51ಕ್ಕೆ. ನಡುವೆ ಇನ್ನೊಂದು ಇಸಿಜಿ ಇಲ್ಲ. ಫೋಟೋ ತೆಗೆದಿದ್ದೇನೆ, ಲ್ಯಾಮಿನೇಶನ್ ಮಾಡಿಸಿಲ್ಲ.

ಅದೇ ಪುಟದಲ್ಲಿ ಅಪ್ಪ ಮನೆಗೆ ಬಂದ ಮೇಲೆ ಬರೆದಿದ್ದಾರೆ, "ದವಾಖಾನೆ 850". ಅದರ ಕೆಳಗೆ, "ಮಗಳಿಗೆ ಕೊಡುವುದು".

ಅವ್ವನಿಗೆ ತೋರಿಸಿದೆ. ತುಂಬಾ ಹೊತ್ತು ಸುಮ್ನೆ ಕೂತಿದ್ದಳು. ಸೋಮವಾರ ಕಾನೂನು ಸೇವಾ ಪ್ರಾಧಿಕಾರಕ್ಕೆ ತಾನೂ ಬರುತ್ತೇನೆ ಅಂದಿದ್ದಾಳೆ.