ತೋಟದ ಮನೆಯಲ್ಲಿ ನಾಯಿ, ನೆಲಗಪ್ಪೆ, ನಾಗರಹಾವು: ಮಳೆಗಾಲಕ್ಕೆ ಏನು ಮಾಡಬೇಕು?

ಪುತ್ತೂರು_ತೋಟ:
ಅಡಿಕೆ ತೋಟದ ನಡುವೆ ಮನೆ. ಒಂದು ಲ್ಯಾಬ್ರಡಾರ್, ಒಂದು ಊರ ನಾಯಿ. ರಾತ್ರಿ ಎರಡನ್ನೂ ಬಿಚ್ಚಿ ಬಿಡುತ್ತೇವೆ. ಮಳೆ ಹಿಡಿದ ಮೇಲೆ ಅಂಗಳದ ಲೈಟಿನ ಕೆಳಗೆ ನೆಲಗಪ್ಪೆಗಳು ತುಂಬುತ್ತವೆ, ಲ್ಯಾಬ್ರಡಾರ್ ಬಾಯಿ ಹಾಕಿ ನೊರೆ ಸುರಿಸುತ್ತದೆ. ಸೌದೆ ರಾಶಿಯಲ್ಲಿ ನಾಗರಹಾವಿನ ಪೊರೆಯೂ ಸಿಕ್ಕಿದೆ. ಕೊಲ್ಲುವ ಮಾತು ಬೇಡ. ಸುತ್ತಲೂ ಕಾರ್ಬಾಲಿಕ್ ಆಸಿಡ್ ಹಾಕಿದರೆ ಆದೀತೇ?

ಉರಗ_ಸುಳ್ಯ:
ಖಂಡಿತ ಹಾಕಬೇಡಿ ಮಾರಾಯ್ರೇ. ಅದರಿಂದ ಹಾವು ನಿಲ್ಲುವುದಿಲ್ಲ, ನಾಯಿಯ ಪಾದ ಮಾತ್ರ ಸುಡುತ್ತದೆ. ಬೆಕ್ಕಿಗಂತೂ ವಿಷವೇ.

ಹಾವು ಬರುವುದು ಊಟಕ್ಕೆ. ಲೈಟಿಗೆ ಹುಳ, ಹುಳಕ್ಕೆ ಕಪ್ಪೆ, ಕಪ್ಪೆಗೆ ನಾಗರಹಾವು. ನಾಯಿ ಬಿಟ್ಟ ಅನ್ನಕ್ಕೆ ಇಲಿ, ಇಲಿಗೆ ಕೇರೆ, ನಾಗರ, ಕೊಳಕುಮಂಡಲ. ಬಿಳಿ ಬಲ್ಬ್ ತೆಗೆದು ಹಳದಿ ಬಲ್ಬ್ ಹಾಕಿ, ಬೇಕಾದಾಗ ಮಾತ್ರ ಉರಿಸಿ. ಕತ್ತಲಾಗುವ ಮೊದಲೇ ಊಟದ ತಟ್ಟೆ ತೊಳೆದು ಒಳಗಿಡಿ. ನೀರಿನ ಪಾತ್ರೆಯನ್ನು ಒಂದಡಿ ಎತ್ತರದಲ್ಲಿಡಿ; ಕಪ್ಪೆ ಕೂತ ನೀರನ್ನು ಚೆಲ್ಲಿಬಿಡಿ. ಸೌದೆ, ತೆಂಗಿನ ಸಿಪ್ಪೆ ನಾಯಿಗೂಡಿನಿಂದ ದೂರ, ನೆಲದಿಂದ ಒಂದಡಿ ಮೇಲಿರಲಿ. ಬಚ್ಚಲ ನೀರು ಹೋಗುವ ತೂತಿಗೆ 6 ಮಿ.ಮೀ. ಕಣ್ಣಿನ ಕಬ್ಬಿಣದ ಜಾಲರಿ ಸಾಕು. ನೈಲಾನ್ ಬಲೆ ಬೇಡವೇ ಬೇಡ, ಹಾವು ಸಿಕ್ಕಿಕೊಂಡು ಸಾಯುತ್ತದೆ.

ಮುಖ್ಯವಾದದ್ದು: ಮಳೆಗಾಲದ ರಾತ್ರಿ ನಾಯಿಗಳನ್ನು ಬಿಚ್ಚಬೇಡಿ. ಹಾವು ಕಂಡರೆ ನಾಯಿಯನ್ನು ಮೊದಲು ಒಳಗೆ ಹಾಕಿ, ಆಮೇಲೆ ಹಾವು ಹಿಡಿಯುವವರಿಗೆ ಫೋನ್ ಮಾಡಿ.

ಪಶುವೈದ್ಯ_ಶಿರಸಿ:
ನೆಲಗಪ್ಪೆಯ ಕಣ್ಣಿನ ಹಿಂದೆ ಉಬ್ಬಿದ ಗ್ರಂಥಿ ಇದೆ, ನಾಯಿ ಕಚ್ಚಿದಾಗ ಅದರಿಂದ ಬಿಳಿ ವಿಷದ ರಸ ಬರುತ್ತದೆ. ನಾಯಿಯ ತಲೆ ಕೆಳಗೆ ಬಗ್ಗಿಸಿ, ಕೆನ್ನೆಯ ಬದಿಯಿಂದ ನೀರು ಬಿಟ್ಟು ಮುಂದಕ್ಕೆ ಹರಿಯುವಂತೆ 5ರಿಂದ 10 ನಿಮಿಷ ತೊಳೆಯಿರಿ. ನಡುನಡುವೆ ಒದ್ದೆ ಬಟ್ಟೆಯಿಂದ ವಸಡು, ನಾಲಿಗೆ ಒರೆಸಿ. ಗಂಟಲಿಗೆ ನೇರ ನೀರು ಹೊಯ್ದರೆ ಶ್ವಾಸಕೋಶಕ್ಕೆ ಹೋಗುತ್ತದೆ, ಹೆಚ್ಚಿನವರು ತಪ್ಪುವುದು ಇಲ್ಲೇ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ. ತೂರಾಡಿದರೆ, ಸೆಟೆದುಕೊಂಡರೆ, ಎದೆಬಡಿತ ಏರುಪೇರಾದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಪುತ್ತೂರು_ತೋಟ:
ಧನ್ಯವಾದ ಡಾಕ್ಟ್ರೇ. ಹಾವೇ ಕಚ್ಚಿದರೆ? ಯಾವ ಹಾವು ಎಂದು ಗೊತ್ತಾಗದಿದ್ದರೆ?

ಪಶುವೈದ್ಯ_ಶಿರಸಿ:
ಹಾವನ್ನು ಹುಡುಕುತ್ತಾ ಕೂರಬೇಡಿ. ದೂರದಿಂದ ಫೋಟೊ ಸಿಕ್ಕರೆ ಸಾಕು. ಕೊರಳಪಟ್ಟಿ ಬಿಚ್ಚಿ, ಮುಖ ಊದಿದರೆ ಅದು ಉಸಿರು ಕಟ್ಟಿಸುತ್ತದೆ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ. ಮನುಷ್ಯರ ನೋವಿನ ಮಾತ್ರೆಯೂ ಬೇಡ. ನಡೆಸದೆ ಎತ್ತಿಕೊಂಡು ಹೋಗಿ.

ಕೊಳಕುಮಂಡಲವಾದರೆ ಊತ, ರಕ್ತಸ್ರಾವ. ಗಾಜಿನ ಟ್ಯೂಬಿನಲ್ಲಿ 2 ಎಂ.ಎಲ್. ರಕ್ತ ತೆಗೆದು 20 ನಿಮಿಷ ಅಲುಗಿಸದೆ ಇಟ್ಟು ವಾಲಿಸುತ್ತೇವೆ. ಹೆಪ್ಪುಗಟ್ಟದೆ ಹರಿದರೆ ವಿಷ ಏರಿದೆ ಎಂದರ್ಥ. ನಾಗರ, ಕಟ್ಟುಹಾವಾದರೆ ರೆಪ್ಪೆ ಜೋಲುತ್ತದೆ, ಹಿಂಗಾಲು ಸೋಲುತ್ತದೆ, ಕೊನೆಗೆ ಉಸಿರೇ ನಿಲ್ಲುತ್ತದೆ. ಕಟ್ಟುಹಾವಿನ ಕಡಿತದಲ್ಲಿ ಗಾಯವೇ ಕಾಣದಿರಬಹುದು.

ಮನುಷ್ಯರಿಗೆ ಕೊಡುವ ಆಂಟಿವೆನಮ್ಮನ್ನೇ (ಹಾವಿನ ವಿಷ ಇಳಿಸುವ ಮದ್ದು) ನಾಯಿಗೂ ಕೊಡುವುದು. ಅದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ನಮ್ಮ ಕಡೆಯ ಹಂಪ್ ನೋಸ್ಡ್ ಪಿಟ್ ವೈಪರ್ ಎಂಬ ಇನ್ನೊಂದು ವಿಷದ ಹಾವಿಗೆ ಕೆಲಸ ಮಾಡದು, ಫೋಟೊ ಬೇಕೆನ್ನುವುದು ಅದಕ್ಕೇ. ಸಣ್ಣ ನಾಯಿಗೆ ಕಡಿಮೆ ವಯಲ್ (ಮದ್ದಿನ ಸಣ್ಣ ಸೀಸೆ) ಸಾಕು ಎಂಬುದು ತಪ್ಪು. ಹಾವು ಬಿಟ್ಟ ವಿಷಕ್ಕೆ ತಕ್ಕಂತೆ ಕೊಡಬೇಕು, ನಾಯಿಯ ತೂಕಕ್ಕಲ್ಲ. ಆಂಟಿವೆನಮ್ ಎಲ್ಲ ಪಶು ಆಸ್ಪತ್ರೆಯಲ್ಲೂ ಇರುವುದಿಲ್ಲ. ಹತ್ತಿರ ಎಲ್ಲಿ ಸ್ಟಾಕ್ ಇದೆ, ರಾತ್ರಿ ಯಾರು ಸಿಗುತ್ತಾರೆ ಎಂದು ಈ ವಾರವೇ ಫೋನ್ ಮಾಡಿ ಬರೆದಿಟ್ಟುಕೊಳ್ಳಿ.