ಹಂದಿ ಶೆಡ್ ಕಟ್ಟುವ ಮುನ್ನ: ಸಾಕಿದವರ ಅನುಭವ

ಪ್ರಶ್ನೆ: ಇಪ್ಪತ್ತು ಮರಿಹಂದಿಗಳಿಗೆ ಶೆಡ್ ಕಟ್ಟಿಸುತ್ತಿದ್ದೇನೆ. ತಳಿ, ಆಹಾರ ಚೆನ್ನಾಗಿದ್ದರೆ ಸಾಲದೇ? ಶೆಡ್‌ನಿಂದ ಲಾಭದಲ್ಲಿ ನಿಜಕ್ಕೂ ವ್ಯತ್ಯಾಸವಾಗುತ್ತದೆಯೇ? ಸಾಕಿದವರು ತಿಳಿಸಿ.

ಉತ್ತರ: ಆಗುತ್ತದೆ. ನನಗದು ಗೊತ್ತಾಗಿದ್ದು ಹಣ ಕಳೆದುಕೊಂಡ ಮೇಲೆ. ತಗ್ಗಾದ ತಗಡಿನ ಮಾಡು, ಮಾಡಿನವರೆಗೂ ಇಟ್ಟಿಗೆ ಗೋಡೆ; ನೋಡಲು ಭದ್ರವಾಗಿತ್ತು, ಬೇಸಿಗೆಯ ಮಧ್ಯಾಹ್ನ ಒಳಗೆ ಒಲೆ. ಹಂದಿಗೆ ನಮ್ಮಂತೆ ಬೆವರಿ ಮೈ ತಣಿಸಿಕೊಳ್ಳಲು ಬರುವುದಿಲ್ಲ. ತಿನ್ನುವುದನ್ನು ಬಿಟ್ಟು ಏದುಸಿರು ಬಿಡುತ್ತಾ ಬಿದ್ದುಕೊಳ್ಳುತ್ತದೆ. ತೊಟ್ಟಿಯಲ್ಲಿ ಆಹಾರ ಉಳಿಯುತ್ತಿದ್ದುದನ್ನು ಕಂಡು ನಾನು ಆಹಾರವನ್ನೇ ಬದಲಿಸಿದೆ, ಜಂತುಹುಳುವಿನ ಔಷಧಿಯನ್ನೂ ಕೊಟ್ಟೆ. ಕೊನೆಗೆ ಗೋಡೆಯನ್ನು ಸೊಂಟದ ಮಟ್ಟಕ್ಕೆ ಒಡೆಸಿ, ಮಾಡಿನ ಮೇಲೆ ಹುಲ್ಲು ಹೊದಿಸಿದಾಗ ಅದೇ ಆಹಾರ ಖಾಲಿಯಾಗತೊಡಗಿತು. ಖರ್ಚಿನಲ್ಲಿ ಶೇಕಡಾ 60–70ರಷ್ಟು ಆಹಾರಕ್ಕೇ ಹೋಗುತ್ತದೆ. ಮಾರುವ ತೂಕ ಬರಲು ಎರಡು ವಾರ ತಡವಾದರೆ, ಅಷ್ಟೂ ದಿನ ಹಂದಿಯ ಜೀವ ಹಿಡಿದಿಡುವುದಕ್ಕೇ ಆಹಾರ ಸುರಿಯಬೇಕು. ಚಳಿಯಲ್ಲೂ ಅದೇ ಕಥೆ: ತಿಂದದ್ದು ಮಾಂಸವಾಗುವ ಬದಲು ಮೈ ಬೆಚ್ಚಗಿಡಲು ಉರಿದುಹೋಗುತ್ತದೆ.

ಇನ್ನೊಬ್ಬರು: ನನ್ನ ನಷ್ಟ ಬಂದದ್ದು ನೆಲದಿಂದ. ಇಳಿಜಾರು ಸಾಲದೆ ಮೂತ್ರ ನಿಂತು, ಕಣ್ಣುರಿಸುವ ಅಮೋನಿಯಾ ವಾಸನೆ, ಹಂದಿಗಳಿಗೆ ಕೆಮ್ಮು. ಹಂದಿ ಕೊಳಕು ಪ್ರಾಣಿ ಎನ್ನುವವರು ಅದನ್ನು ಗಮನಿಸಿಯೇ ಇಲ್ಲ. ಜಾಗವಿದ್ದರೆ ಅದು ಒಣಗಿದ ಕಡೆ ಮಲಗಿ, ಒದ್ದೆ ಮೂಲೆಯಲ್ಲಿ ಮಲ ಹಾಕುತ್ತದೆ. ಹಾಗಾಗಿ ನೀರಿನ ನಿಪ್ಪಲ್ (ಹಂದಿ ಬಾಯಿಂದ ಒತ್ತಿದರೆ ನೀರು ಬರುವ ನಳಿಕೆ) ನೆಲದ ತಗ್ಗಿನ ತುದಿಯಲ್ಲಿರಲಿ, ಚರಂಡಿಯೂ ಅಲ್ಲೇ. ನೆಲ ನುಣುಪಾದರೆ ಕಾಲು ಜಾರುತ್ತದೆ, ತೀರಾ ಒರಟಾದರೆ ಗೊರಸು ಸವೆಯುತ್ತದೆ.

ಮುಂದೆ ಮರಿ ಹಾಕಿಸುವ ಯೋಚನೆಯಿದ್ದರೆ ಒಂದು ಮಾತು. ಹುಟ್ಟಿದ ಮರಿಗೆ 30 ಡಿಗ್ರಿಗಿಂತ ಹೆಚ್ಚಿನ ಬಿಸಿ ಬೇಕು, ತಾಯಿಗೆ 20ರ ಆಸುಪಾಸು ಸಾಕು. ಇಡೀ ಕೋಣೆ ಬಿಸಿ ಮಾಡಬೇಡಿ. ಮರಿಗಳಿಗೆ ಬಲ್ಬ್ ಹಾಕಿದ ಪ್ರತ್ಯೇಕ ಮೂಲೆ ಕೊಡಿ. ಗೋಡೆಯುದ್ದಕ್ಕೂ, ಗೋಡೆಯಿಂದಲೂ ನೆಲದಿಂದಲೂ 20–25 ಸೆಂಟಿಮೀಟರ್ ಬಿಟ್ಟು ಪೈಪ್ ಹಾಯಿಸಿ. ತಾಯಿ ಮಲಗುವಾಗ ಮರಿಗಳು ಪೈಪಿನಡಿ ನುಸುಳಿ, ತಾಯಿಯ ಮೈಯಡಿ ಸಿಕ್ಕದೆ ಬದುಕಿಕೊಳ್ಳುತ್ತವೆ.

ಮತ್ತೊಬ್ಬರು: ಹತ್ತರ ಜಾಗದಲ್ಲಿ ಹದಿನಾಲ್ಕು ತುಂಬಿ ಲೆಕ್ಕ ಹಾಕಿದವನು ನಾನು. ಬಾಲ ಕಚ್ಚಾಟ ಶುರುವಾಯಿತು, ಗಾಯ ಕೀವಾಯಿತು, ಬಡಕಲು ಹಂದಿಗಳಿಗೆ ತೊಟ್ಟಿ ಸಿಗಲೇ ಇಲ್ಲ. ಮಾರುವ ತೂಕದ ಹಂದಿಗೆ ಸುಮಾರು ಒಂದು ಚದರ ಮೀಟರ್ ಇಡಿ.

ಕೇಳಿದವರು: ಇನ್ನೂ ತಳಪಾಯ ಮಾತ್ರ ಆಗಿದೆ, ಪುಣ್ಯ. ನಿಪ್ಪಲ್‌ಗಳಿಗೆ ಬಾಗಿಲ ಬಳಿ, ಎತ್ತರದ ಕಡೆ ಗುರುತು ಹಾಕಿಸಿದ್ದೆ. ನಾಳೆ ಮೇಸ್ತ್ರಿ ಬರುವ ಮೊದಲೇ ಅಳಿಸುತ್ತೇನೆ.